ಎರಡು ಡಿಸ್ಕಿನ ಪಾಲುಪಟ್ಟಿ

2008ರಲ್ಲಿ ನಾನು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ಇಟ್ಟಿದ್ದೆ. ಕೊಬ್ಬರಿ ಮಂಡಿಗಳ ಪ್ರಿಂಟರುಗಳಿಂದ ಧೂಳು ಕೊಡವುವುದೇ ಆಗಿನ ನನ್ನ ತಾಂತ್ರಿಕ ಸಾಧನೆ. ಹಾಗಿರುವಾಗ ಒಂದು ಮನೆಗೆ ನೆಟ್‌ವರ್ಕ್ ಸ್ಟೋರೇಜ್ ಆರಿಸಿಕೊಡುವ ಘನಕಾರ್ಯ ನನ್ನ ಪಾಲಿಗೆ ಬಂತು.

ಕೊಬ್ಬರಿ ವ್ಯಾಪಾರಿ ರುದ್ರಪ್ಪನವರು ಮಹಡಿಯಲ್ಲಿದ್ದರು, ತಮ್ಮ ಮಲ್ಲೇಶ ಕೆಳಗೆ. ತಂದೆ ತೀರಿಕೊಂಡ ಮೇಲೆ ತೋಟವನ್ನು ಸಾಲು ಬಿಟ್ಟು ಸಾಲು ಹಂಚಿಕೊಂಡಿದ್ದರು. ಒಂದು ಸಾಲು ತೆಂಗು ಅಣ್ಣನದು, ಪಕ್ಕದ್ದು ತಮ್ಮನದು. ಪಾಲಾಗದೆ ಉಳಿದಿದ್ದು ಫೋಟೋಗಳು ಮಾತ್ರ. ತಂದೆ ಕೊನೆಯ ಸಲ ಬೇಲೂರು, ಹಳೇಬೀಡಿಗೆ ಹೋದಾಗ ತೆಗೆದವೂ ಸೇರಿ ಎಲ್ಲವೂ ಅಣ್ಣನ ಕಂಪ್ಯೂಟರಿನಲ್ಲಿದ್ದವು.

"ನಮ್ಮಪ್ಪನ್ ಮಖ ನೋಡಕ್ಕೆ ಅತ್ತಿಗೇನ ಕೇಳ್ಕಂಡು ಮೆಟ್ಲು ಹತ್ತಬೇಕಾ ಸಾರ್?" ಎಂದ ಮಲ್ಲೇಶ.

ಡಿವಿಡಿಗೆ ಹಾಕಿಕೊಡುತ್ತೇನೆ ಎಂದೆ. ರುದ್ರಪ್ಪನವರ ಹೆಂಡತಿ ಗೌರಮ್ಮ ತಕ್ಷಣ ಕೇಳಿದರು: "ಒರಿಜಿನಲ್ ಯಾರತ್ರ ಇರುತ್ತೆ?" ಡಿಜಿಟಲ್ ಫೋಟೋದಲ್ಲಿ ಒರಿಜಿನಲ್, ನಕಲು ಎಂಬ ಭೇದವಿಲ್ಲ ಎಂದು ವಿವರಿಸಿದೆ. ತಾಲ್ಲೂಕು ಕಚೇರಿ ಕಂಡ ಆ ಕುಟುಂಬದಲ್ಲಿ ಒಬ್ಬರೂ ನಂಬಲಿಲ್ಲ.

ಆದ್ದರಿಂದ ಯಾರದ್ದೂ ಅಲ್ಲದ ಒಂದು ಪೆಟ್ಟಿಗೆ ಬೇಕಾಯಿತು. ನೆಟ್‌ವರ್ಕ್ ಸ್ಟೋರೇಜ್ ಎಂದರೆ ಮನೆಯ ಎಲ್ಲ ಕಂಪ್ಯೂಟರುಗಳೂ ತಂತಿಯ ಮೂಲಕ ನೋಡಬಹುದಾದ ಸಾಮೂಹಿಕ ಕಪಾಟು. ಒಂದು ಡಿಸ್ಕಿನದು ಅಗ್ಗ. ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ಎರಡು ಡಿಸ್ಕಿನದರಲ್ಲಿ ಮಿರರಿಂಗ್ ಇರುತ್ತದೆ: ಏನೇ ಇಟ್ಟರೂ ಎರಡರಲ್ಲೂ ಒಟ್ಟಿಗೆ ಬರೆಯಲ್ಪಡುತ್ತದೆ. ನನ್ನ ಉಪನ್ಯಾಸಕ್ಕೆ ಅಣ್ಣತಮ್ಮಂದಿರು ಗಂಭೀರವಾಗಿ ತಲೆಯಾಡಿಸಿ ಎರಡು ಡಿಸ್ಕಿನದನ್ನೇ ಒಪ್ಪಿದರು. ಐನೂರು ಜಿಬಿಯ ಎರಡು ಡಿಸ್ಕ್ ಹಾಕಿ, ಪೆಟ್ಟಿಗೆಯನ್ನು ಮಹಡಿಗೂ ಕೆಳಮನೆಗೂ ಸಮದೂರವಾದ ಮೆಟ್ಟಿಲ ತಿರುವಿನಲ್ಲಿ ಪ್ರತಿಷ್ಠಾಪಿಸಿದೆ. ಎಡಗಡೆಯ ಡಿಸ್ಕ್ ಅಣ್ಣನದು, ಬಲಗಡೆಯದು ತಮ್ಮನದು ಎಂದು ಅವರು ಮನಸ್ಸಿನಲ್ಲೇ ಬೇಲಿ ಹಾಕಿಕೊಂಡದ್ದು ನನಗೆ ಗೊತ್ತಾಗಲಿಲ್ಲ.

ಆ ಪೆಟ್ಟಿಗೆಗೆ ಒಂದು ಕೆಟ್ಟ ಗುಣವಿತ್ತು. ಯಾರ ಫೋಲ್ಡರ್ ಎಷ್ಟು ದೊಡ್ಡದು ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ತಮ್ಮನ ಮನೆಯಲ್ಲಿ ಕೈಗೂಸಿತ್ತು, ಹೊಸ ಕ್ಯಾಮೆರಾ ಇತ್ತು. ಅವನ ಫೋಲ್ಡರ್ ಅಣ್ಣನದರ ಮೂರರಷ್ಟಾಯಿತು. ಗೌರಮ್ಮನವರಿಗೆ ಸಂಕಟ ಶುರುವಾಯಿತು. ಅವರೂ ಒಂದು ಕ್ಯಾಮೆರಾ ತರಿಸಿ, ಮಗುವಿಲ್ಲದ ಕಾರಣ ಎಮ್ಮೆಕರುವನ್ನು ನಾಲ್ಕೂ ದಿಕ್ಕಿನಿಂದ ಕ್ಲಿಕ್ಕಿಸಿದರು. ಆದರೂ ಕೂಸನ್ನು ಮೀರಿಸಲು ಕರುವಿಗೆ ಆಗಲಿಲ್ಲ. ಒಮ್ಮೆ ಅಂಗಡಿಗೆ ಬಂದವರು, "ನಮ್ ಜಾಗಕ್ಕೂ ಅವರೇ ನುಗ್ತಾವ್ರೆ ಸಾರ್, ಬದು ಒತ್ತಿದಂಗೆ," ಎಂದರು. ಮರುವಾರ ರುದ್ರಪ್ಪನವರು ಡಿಸ್ಕನ್ನು ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಯುಎಸ್‌ಬಿ ಡಬ್ಬಿ ಕೊಂಡರು. ಯಾತಕ್ಕೆಂದು ನಾನು ಕೇಳಲಿಲ್ಲ. ಗಿರಾಕಿಯ ಗುಟ್ಟಿಗೂ ಮರ್ಯಾದೆ ಇದೆ.

ಎರಡು ದಿನ ಬಿಟ್ಟು ಮಲ್ಲೇಶ ಏದುಸಿರು ಬಿಡುತ್ತಾ ಬಂದ. "ಸಾರ್, ಅಣ್ಣ ಅವನ್ ಪಾಲಿನ ಡಿಸ್ಕ್ ಕಿತ್ಕಂಡ್ ಹೋದ! ಪೆಟ್ಗೆ ಕೂಗ್ತಾ ಐತೆ. ಬೇಲೂರಿನ್ ಫೋಟೋ ಹಾಕಿದ್ದು ಅವನು. ನಮ್ಮಪ್ಪ ಅವನ್ ಜೊತೆಗೇ ಹೋಗ್ಬಿಟ್ರು!"

ಹೋದೆ. ಮಹಡಿಯಲ್ಲಿ ರುದ್ರಪ್ಪನವರು ಬೆವರುತ್ತಾ ಕೂತಿದ್ದರು. ಆ ಪೆಟ್ಟಿಗೆಯ ಡಿಸ್ಕನ್ನು ಸಾಮಾನ್ಯ ಕಂಪ್ಯೂಟರ್ ಓದಲಾರದು. ಗುರುತಿಲ್ಲದ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಅದು ಕೇಳಿತ್ತು. ಅಂದರೆ ಒರೆಸಿ ಹೊಸದು ಮಾಡಲೇ ಎಂದು. "ಯೆಸ್ ಅನ್ರೀ, ಅದೇ ಕೇಳ್ತೈತಲ್ಲ," ಎಂದಿದ್ದರಂತೆ ಗೌರಮ್ಮ. ಈಗ ಪರದೆಯ ಮೇಲೆ ಡಿಸ್ಕ್ ಪೂರ್ತಿ ಖಾಲಿ. ಮಹಡಿಯ ಕಂಪ್ಯೂಟರಿನಲ್ಲಿದ್ದ ಹಳೆಯ ಫೋಟೋಗಳನ್ನು, ಪೆಟ್ಟಿಗೆಗೆ ಹಾಕಿದ ಮೇಲೆ ರುದ್ರಪ್ಪನವರು ಎಂದೋ ಅಳಿಸಿದ್ದರು.

"ಅಪ್ಪ ಹೋಗ್ಬಿಟ್ರು ಸಾರ್," ಎಂದರು, ಎರಡನೇ ಸಲ ಸೂತಕ ಬಂದವರಂತೆ. ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಎಲ್ಲೂ ಹೋಗಿಲ್ಲ. ತಮ್ಮನ ಡಿಸ್ಕಿನಲ್ಲಿ ಇದ್ದಾರೆ."

ಕೆಳಗಿಳಿದು ಮಲ್ಲೇಶನ ಪರದೆಯಲ್ಲಿ ತೆರೆದು ತೋರಿಸಿದೆ. ಬೇಲೂರಿನ ಗುಡಿಯ ಮುಂದೆ ಮಂಕಿ ಕ್ಯಾಪ್ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು ತಂದೆ. ಪಕ್ಕದ ಫೋಲ್ಡರಿನಲ್ಲಿ ಎಮ್ಮೆಕರು, ನಾಲ್ಕೂ ದಿಕ್ಕಿನಿಂದ.

ರುದ್ರಪ್ಪನವರು ಕಣ್ಣೊರೆಸಿಕೊಂಡರು. ಮರುಕ್ಷಣ ಆ ಕಣ್ಣಿನ ಬಣ್ಣವೇ ಬದಲಾಯಿತು. "ನಮ್ ಕರಾನೂ ಇವನತ್ರನೇ ಐತಾ?"

"ಎಲ್ಲವೂ ಇದೆ."

"ಅಂದ್ರೆ ನಂದು ಖಾಲಿ, ಇವನ್ದು ಪೂರ್ತಿನಾ? ಲೋ ಮಲ್ಲ, ಜರುಗ್ಲಾ!" ಎಂದವರೇ ಮಹಡಿಗೆ ಓಡಿ, ಡಿಸ್ಕ್ ತಂದು, ಸ್ವಹಸ್ತದಿಂದ ಪೆಟ್ಟಿಗೆಗೆ ತುರುಕಿದರು.

ತಮ್ಮನ ಡಿಸ್ಕಿನಲ್ಲಿದ್ದದ್ದೆಲ್ಲ ಅಣ್ಣನ ಖಾಲಿ ಡಿಸ್ಕಿಗೆ ಮತ್ತೆ ಬರೆಯಲ್ಪಡಲು ಸಂಜೆಯವರೆಗೆ ಬೇಕಾಯಿತು. ಅಷ್ಟು ಹೊತ್ತೂ ಅಣ್ಣ ಮೇಲಿನ ಮೆಟ್ಟಿಲಿನಲ್ಲಿ, ತಮ್ಮ ಕೆಳಗಿನದರಲ್ಲಿ ಕೂತು, ಮಿಣುಕುವ ಹಸಿರು ದೀಪವನ್ನು ಕಾದರು. ಎದ್ದರೆ ಇನ್ನೊಬ್ಬನು ಏನು ಮಾಡುವನೋ! ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡರು. ಗೌರಮ್ಮ ಎರಡೂ ಲೋಟಕ್ಕೆ ಕಣ್ಣಳತೆಯಲ್ಲಿ ಸಮನಾಗಿ ಸುರಿದದ್ದನ್ನು ನಾನೇ ನೋಡಿದೆ.

ಅಂದಿನಿಂದ ಗಿರಾಕಿಗಳಿಗೆ ಎರಡು ಮಾತು ಹೇಳುತ್ತಾ ಬಂದೆ. ಮಿರರ್ ಇದೆಯೆಂದು ಬೇರೆ ನಕಲು ಇಡದಿರಬೇಡಿ. ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಮತ್ತು ಪೆಟ್ಟಿಗೆಯನ್ನು ಮಮತೆಯುಳ್ಳವರ ಕೈಗೆ ಒಪ್ಪಿಸಬೇಡಿ, ಅವರು ಮರೆಯುತ್ತಾರೆ. ಹೊಟ್ಟೆಕಿಚ್ಚಿನವರ ನಡುವೆ ಇಡಿ. ಮೆಟ್ಟಿಲ ತಿರುವಿನ ಆ ತಂದೆಯನ್ನು ಇಬ್ಬರು ಮಕ್ಕಳು ಇಂದಿಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾರೆ.