ಹತ್ತಿ ತುಂಬಿದ ಡಬ್ಬಿ

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹರಿಹರಕ್ಕೆ ಒಂದು ದಿನದ ಮಟ್ಟಿಗೆ ಬಂದವನು ಲಾಕ್‌ಡೌನಿನಲ್ಲಿ ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡ. ಊರೆಲ್ಲ ಕೊರೋನಾ ಎಂದು ನಡುಗುತ್ತಿದ್ದರೆ ನನಗೆ ಒಳಗೊಳಗೇ ಹಬ್ಬ. ಏಳು ವರ್ಷದ ಪ್ರೀತಿಯಲ್ಲಿ ನಾವಿಬ್ಬರು ಗಂಡಸರು ಒಂದೇ ಸೂರಿನಡಿ ಎರಡು ದಿನ ಕಳೆದದ್ದಿರಲಿಲ್ಲ. ಅವ್ವನಿಗೆ ಅವನು ನನ್ನ ಗೆಳೆಯ, ಅಷ್ಟೇ. ಅವಳು ರೊಟ್ಟಿ ತಟ್ಟುವಳು, ಅವನು ಬೇಯಿಸುವನು, ನಾನು ಮಾಸ್ಕ್ ಹೊಲಿಯುತ್ತಾ ಇಬ್ಬರ ಹರಟೆ ಕೇಳುವೆನು. ಇದಕ್ಕಿಂತ ಇನ್ನೇನು ಬೇಕು?

ನಮಗೆ ಪರಿಚಯವಾದದ್ದೇ ದಾವಣಗೆರೆಯ ಎಚ್‌ಐವಿ ಚಿಕಿತ್ಸಾ ಕೇಂದ್ರದ ಸಾಲಿನಲ್ಲಿ. ಅಲ್ಲಿಂದ ತಿಂಗಳ ಮಾತ್ರೆ ತಂದವರು ಮಾಡುವ ಮೊದಲ ಕೆಲಸ ಡಬ್ಬಿಗೆ ಹತ್ತಿ ತುರುಕುವುದು. ಬಸ್ಸಿನಲ್ಲಿ ಗಲಗಲ ಅಂದರೆ ಪಕ್ಕದವರು "ಏನ್ರೀ ಅದು?" ಅನ್ನುತ್ತಾರಲ್ಲ! ಲಾಕ್‌ಡೌನಿಗೆ ಬಸ್ಸು ಬಂದಾದ ದಿನವೇ ಅವನನ್ನು ಕೇಳಿದ್ದೆ, "ಮಾತ್ರೆ ಅದಾವೇನೋ?" ಅವನು ಡಬ್ಬಿ ತೆಗೆದು ಅಲ್ಲಾಡಿಸಿ, "ತಿಂಗಳಿಗಾಗೋಷ್ಟು ಐತೆ, ಸುಮ್ನಿರು" ಅಂದ. ಸದ್ದು ಬರಲಿಲ್ಲ. ತುಂಬಿದ್ದರೂ ಬರುವುದಿಲ್ಲವಲ್ಲ, ನಂಬಿದೆ.

ಊಟವಾದ ಮೇಲೆ ಇಬ್ಬರೂ ಅಡುಗೆಮನೆಗೆ ಬೆನ್ನು ಹಾಕಿ ಮಾತ್ರೆ ನುಂಗುತ್ತಿದ್ದೆವು. ಶಕ್ತಿ ಮಾತ್ರೆ ಎಂದು ಅವ್ವನಿಗೆ ಹೇಳಿದ್ದೆ. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಅವ್ವ ಮೆಲ್ಲಗೆ ಅಂದಳು, "ನೀನು ಮಾತ್ರೆ ನುಂಗ್ತೀಯ. ಅವನು ಬರೇ ನೀರು ಕುಡೀತಾನೆ. ನಾಕು ದಿನದಿಂದ ನೋಡ್ತಿದೀನಿ."

ಅವನ ಚೀಲ ತಡಕಿ ಡಬ್ಬಿ ಬಿಚ್ಚಿದೆ. ಬರೀ ಹತ್ತಿ! ತಲೆ ಒರೆಸಿಕೊಳ್ಳುತ್ತ ಬಂದವನ ಮೇಲೆ ಹರಿಹಾಯ್ದೆ.

"ಏನಲೇ, ಸಾಯ್ಬೇಕಂತ ಮಾಡಿದೀಯೇನು?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ ನೀನು ನಿನ್ ಮಾತ್ರೆಯಾಗೆ ಅರ್ಧ ಕೊಟ್ಟುಬಿಡ್ತಿದ್ದೆ. ಆಮೇಲೆ ಇಬ್ರಿಗೂ ಇಲ್ದಂಗಾಗ್ತಿತ್ತು. ಮನೇಗೆ ತರಿಸಿದ್ರೆ ಅವ್ವಗೆ ಗೊತ್ತಾಗ್ತೈತೆ."

ನನ್ನ ಸಿಟ್ಟೆಲ್ಲ ಅಳುವಾಯಿತು. ನನ್ನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಅವನ ಬಾಯಿಗೇ ಹಾಕಿ, ನುಂಗುವ ತನಕ ಎದುರಿಗೇ ನಿಂತೆ.

ಕೇಂದ್ರಕ್ಕೆ ಫೋನ್ ಮಾಡಿದಾಗ ಅಲ್ಲಿನ ಮೇಡಂ, "ನಾಳೆನೇ ಮನೆಗೆ ಕಳಿಸ್ತೀವಿ" ಅಂದರು. "ಬ್ಯಾಡ ಮೇಡಂ, ದಾರ್ಯಾಗೆ ಬಾತಿ ಊರ ಹತ್ರ ಪೊಲೀಸರು ನಿಂತಿರೋ ಕಡೆ ನಾನೇ ಬರ್ತೀನಿ" ಎಂದು ಪಿಸುಗುಟ್ಟುತ್ತಿದ್ದೆ. ಹಿಂದಿನಿಂದ ಬಂದ ಅವ್ವ ಫೋನ್ ಕಿತ್ತುಕೊಂಡಳು.

"ಮೇಡಂ, ಮನೇಗೇ ಕಳಿಸ್ರಿ. ಇಬ್ರುದೂ ಕಳಿಸ್ರಿ. ಅದು ಯಾವ ಮಾತ್ರೆ ಅಂತ ನಂಗೆ ಮೂರು ವರ್ಷದಿಂದ ಗೊತ್ತೈತೆ."

ಅವನು ಗೋಡೆ ಹಿಡಿದುಕೊಂಡ. ಫೋನಿನಿಂದ ಮೇಡಂ ದನಿ ನಮಗೂ ಕೇಳಿಸಿತು, "ಅವರ ವಿಳಾಸ ಕೆ.ಬಿ. ಬಡಾವಣೆ ಅಂತ ಐತಲ್ಲಮ್ಮ?"

ಅವ್ವ ಅವನನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಅದನ್ನ ಹೊಡೆದಾಕ್ರಿ," ಅಂದಳು. "ನಮ್ಮನೇದೇ ಬರ್ಕಳ್ರಿ. ಅವನು ಇನ್ನ ಇಲ್ಲೇ ಇರ್ತಾನೆ."