ಎಂಟನೇದು ಇಲ್ಲದ ಮಾವ

ನಮ್ಮ ಸೋದರಮಾವನ ಬಲಮೊಣಕಾಲು ಸಣ್ಣ ಕುಂಬಳಕಾಯಿಯಷ್ಟಿತ್ತು. ಮೇಲಿನ ತೊಡೆ, ಕೆಳಗಿನ ಮೀನಖಂಡ ಎರಡೂ ಸೊರಗಿ ಕಟ್ಟಿಗೆಯಾಗಿದ್ದರಿಂದ ಅದು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಆ ಕಾಲು ಪೂರ್ತಿ ಮಡಚುತ್ತಿರಲಿಲ್ಲ, ಪೂರ್ತಿ ನೆಟ್ಟಗೂ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ ಎರಡೂ ಕೈಯಿಂದ ಅದನ್ನು ಎತ್ತಿ, ಮಲಗಿದ ಮಗುವನ್ನು ಇಡುವ ಹಾಗೆ ಸ್ಟೂಲಿನ ಮೇಲೆ ಇಡುತ್ತಿದ್ದ. "ಕುಂದ್ರಪಾ ಸಾವ್ಕಾರ, ನಿನ್ನ ಚಾಕರಿ ಮಾಡೋದ ಆತು ನನ್ನ ಜಲ್ಮ" ಎಂದು ಕಾಲಿಗೇ ಹೇಳುತ್ತಿದ್ದ.

ಕಂಪ್ಲಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವನದು ಗಾದಿ ಅಂಗಡಿ. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷೀನು, ಮುಂದೆ ಬಣ್ಣಬಣ್ಣದ ಗಾದಿ, ದಿಂಬು. ಹೊಲಿಯುವ ಕೆಲಸವೆಲ್ಲ ಆಳುಗಳದು. ಮಾವ ಸೂಜಿ, ಕತ್ತರಿ ಮುಟ್ಟುತ್ತಿರಲಿಲ್ಲ. ಮುಖಕ್ಕೆ ಬ್ಲೇಡು ತಾಗಿಸುತ್ತಲೂ ಇರಲಿಲ್ಲವಾದ್ದರಿಂದ ಎದೆಯ ತನಕ ಗಡ್ಡ. ಹೊಸದಾಗಿ ಮದುವೆ ನಿಶ್ಚಯವಾದ ಹುಡುಗರು ಗಾದಿ ಕೊಳ್ಳಲು ಬಂದರೆ, "ಗಟ್ಟೀದು ತಗೋರಿ, ಮೆತ್ತಂದು ಮೊದಲನೇ ವರ್ಷದಾಗ ಹಾಳಾಗತೈತಿ" ಎಂದು ನಗಿಸಿ ಕಳಿಸುತ್ತಿದ್ದ. ಸಣ್ಣವರಾದ ನಾವು ಹತ್ತಿರಾಶಿಯ ಮೇಲೆ ಧುಮುಕಿದರೆ ಬೈಯುತ್ತಿರಲಿಲ್ಲ. "ದೇವರು ನನ್ನ ಹಣೆಬರಹ ಓದೇ ಈ ಅಂಗಡಿ ಹಾಕ್ಸ್ಯಾನ. ಬಿದ್ರೂ ಹತ್ತಿ ಮ್ಯಾಲೇ ಬೀಳಬೇಕು" ಎನ್ನುತ್ತಿದ್ದ.

ಅವನಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ಯಾರೂ ರೋಗ ಎನ್ನುತ್ತಿರಲಿಲ್ಲ. "ಅವನ ರಕ್ತ ತೆಳ್ಳಗ" ಎಂದು ಅಜ್ಜಿ ಮಾತು ಮುಗಿಸುತ್ತಿದ್ದಳು. ನನಗಿಂತ ಮೊದಲು ನಮ್ಮವ್ವನಿಗೆ ಹುಟ್ಟಿದ ಗಂಡುಮಗು, ನಡೆಯುವುದನ್ನು ಕಲಿಯುವಾಗ ಬಿದ್ದು ನಾಲಿಗೆ ಕಚ್ಚಿಕೊಂಡು, ರಕ್ತ ನಿಲ್ಲದೆ ತೀರಿಕೊಂಡಿತ್ತು. ಆ ಸಾವಿಗೆ ದೃಷ್ಟಿ ತಾಗಿದ್ದೇ ಕಾರಣ ಎಂದಿದ್ದರು. ಮಾವನ ತೆಳ್ಳಗಿನ ರಕ್ತಕ್ಕೂ ಆ ಕೂಸಿನ ಸಾವಿಗೂ ನಮ್ಮ ಮನೆಯ ಹೆಂಗಸರು ಗಂಟು ಹಾಕಲೇ ಇಲ್ಲ. ಹಾಕಿದ್ದರೂ ಬಾಯಿ ಬಿಡಲಿಲ್ಲ.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಹುಟ್ಟಿದಾಗಿನಿಂದ ನನ್ನನ್ನು ಅವನಿಗೇ ಎಂದು ಎತ್ತಿಟ್ಟಿದ್ದರು. ನನಗೂ ಅವನೆಂದರೆ ಜೀವ. ಕುಂಟುವ ಕಾಲು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಾನು ಡಿಗ್ರಿ ಮುಗಿಸಿದ ವರ್ಷ ಹೊಸಪೇಟೆಯ ನಮ್ಮ ಮನೆಯಲ್ಲಿ ಹಿರಿಯರೆಲ್ಲ ಕೂತು ಮಾತು ತೆಗೆದರು. ನಾನು ಒಳಗಿನ ಬಾಗಿಲ ಹಿಂದೆ ಹೊಸ ಸೀರೆಯಲ್ಲಿ ನಿಂತಿದ್ದೆ.

"ನಾ ಒಲ್ಲೆ" ಎಂದ ಮಾವ.

"ಯಾಕೋ? ಏನ್ ಕಮ್ಮಿ ಆಗೇತಿ ಹುಡುಗಿಗೆ?" ಎಂದಳು ಅಜ್ಜಿ.

"ಕಪ್ಪದಾಳ. ನನಗ ಕೆಂಪಂದು ಬೇಕು."

ನಾನು ಹೊರಗೆ ಬಂದು ಎಲ್ಲರ ಎದುರು, "ಈ ಕಾಲಿಗೆ ಯಾವ ಕೆಂಪಂದು ಬರತೈತಿ ನೋಡೇಬಿಡೋಣ" ಎಂದೆ. ಮಾವ ನೆಲ ನೋಡಿದ. ನನ್ನ ನಾಲಿಗೆ ಮೊದಲಿನಿಂದಲೂ ಹೀಗೆಯೇ. ಯಾರೋ ಹೊರಗಿನವರಿಗೆ ಅಂದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದೆ. ಅವನಿಗೆ ಅಂದಿದ್ದರಿಂದ ಮರೆಯಲೂ ಆಗದೆ, ಕ್ಷಮೆ ಕೇಳಲೂ ಆಗದೆ, ಮಾತೇ ಬಿಟ್ಟೆ. ಬೇರೆ ಕಡೆ ಮದುವೆಯಾಯಿತು. ಗಂಡನಿಗೆ ಸಂಡೂರಿನ ಗಣಿಯೊಂದರ ಆಫೀಸಿನಲ್ಲಿ ಕೆಲಸ, ನನಗೆ ಹೊಸಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಕೆಲಸ. ಮಾವನಿಗೆ ಲಗ್ನಪತ್ರಿಕೆಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆ. ಅವನು ಮಾತ್ರ ಒಳ್ಳೆಯ ಗಾದಿ ಕಳಿಸಿದ. ಗಟ್ಟಿಯದೇ.

ಮೊದಲು ಮಗಳು ಹುಟ್ಟಿದಳು, ಆಮೇಲೆ ಮಗ. ಮಗ ಅಂಬೆಗಾಲಿಡುವ ಹೊತ್ತಿಗೆ ಮೈಮೇಲೆ ಅಲ್ಲಲ್ಲಿ ನೀಲಿ ಕಲೆ. ಒಂದು ದಿನ ಹೊಸ್ತಿಲಿಗೆ ಬಡಿದು ತುಟಿ ಸೀಳಿತು. ರಕ್ತ ಬೇಗನೇ ನಿಂತಿತೆಂದು ಸಮಾಧಾನ ಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ನಿಲ್ಲುವುದು, ಮತ್ತೆ ಹರಿಯುವುದು. ಸಂಜೆಗೆ ಒಂದು ಮೊಣಕಾಲೂ ಊದಿತು. ಯಾರು ಸುದ್ದಿ ಮುಟ್ಟಿಸಿದರೋ, ಮಾವ ಕಂಪ್ಲಿಯಿಂದ ಬಸ್ಸು ಹತ್ತಿ ಬಂದ. ನೆಲದ ಮೇಲೆ ಕೂರಲು ಆಗದವನು ಗೋಡೆ ಹಿಡಿದು ಹೇಗೋ ಕೂತ. ಕೂಸಿನ ಮೊಣಕಾಲ ಮೇಲೆ ಅಂಗೈ ಇಟ್ಟು, ಬಿಸಿ ನೋಡಿ, ನಮ್ಮವ್ವನ ಕಡೆ ತಿರುಗಿದ.

"ಅಕ್ಕಾ, ಇದು ನನ್ನ ಕಾಲು."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತ ರೀತಿ ನೋಡಿದರೆ, ಈಗ ತಿಳಿದು ಅಳುವವಳ ಹಾಗಿರಲಿಲ್ಲ.

ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಹಿಮೋಫಿಲಿಯಾ ಎಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಮಾವ ನನಗೆ ಬಿಡಿಸಿ ಹೇಳಿದ. ಅಷ್ಟು ವರ್ಷ ಡಾಕ್ಟರುಗಳನ್ನು ಕಾಡಿ ಬೇಡಿ ಕೇಳಿಕೊಂಡದ್ದನ್ನೆಲ್ಲ ತನ್ನ ಭಾಷೆಗೆ ಇಳಿಸಿಕೊಂಡಿದ್ದ.

"ಗದ್ದಿ ಬದು ಒಡೀತು ಅಂತ ತಿಳ್ಕೊ. ಹತ್ರ ಇದ್ದೋರು ಮೊದ್ಲು ಓಡಿ ಬಂದು ಅಡ್ಡ ಬೀಳ್ತಾರ. ಅವು ಪ್ಲೇಟ್‌ಲೆಟ್ಟು. ನೀರು ನಿಂತಂಗ ಕಾಣತೈತಿ, ಆದ್ರ ಅದು ಗಟ್ಟಿ ಅಲ್ಲ. ನಿನ್ನ ಮಗನ ತುಟಿ ಹಂಗ ನಿಂತು ಹಂಗ ಬಿಚ್ಚಿಕೊಂತು, ನೋಡಿಲ್ಲೇನು? ಗಟ್ಟಿ ಆಗಬೇಕಂದ್ರ ಮ್ಯಾಲೆ ನಾರಿನ ಬಲಿ ಹೆಣೀಬೇಕು. ಅದು ಫೈಬ್ರಿನ್ನು. ಹೆಣಿಯೋರು ದೂರ ಇರ್ತಾರ. ಒಬ್ಬ ಇನ್ನೊಬ್ಬನ್ನ ಎಬ್ಬಿಸಬೇಕು, ಅವ ಮುಂದಿನವನ್ನ. ಅವರಿಗೇ ಫ್ಯಾಕ್ಟರ್ ಅಂತಾರ. ನಡುವ ಎಂಟನೆಯವ ಇಲ್ಲಂದ್ರ ಮುಂದಿನವರು ಸರಿಯಾಗಿ ಏಳಂಗಿಲ್ಲ. ಅದಕ್ಕ ನಮಗ ರಕ್ತ ಜೋರಾಗಿ ಬರಂಗಿಲ್ಲ, ಭಾಳ ಹೊತ್ತು ಬರತೈತಿ. ಹೊರಗಿಂದು ಕಾಣತೈತಿ. ಕೀಲಿನೊಳಗಿಂದು ಕಾಣಂಗಿಲ್ಲ, ಒಳಗೇ ತಿಂತೈತಿ."

"ಎಷ್ಟು ಅದಾವ ಆ ಫ್ಯಾಕ್ಟರು?"

"ಹದಿಮೂರರ ತನಕ ನಂಬರ್ ಅದಾವ. ಆರನೇದು ಯಾರಿಗೂ ಇಲ್ಲ, ನಂಬರ್ ಕೊಟ್ಟು ಆಮ್ಯಾಲೆ ತಪ್ಪಾತು ಅಂತ ತೆಗೆದುಬಿಟ್ರಂತ. ಎಂಟನೇದು ನಮಗಿಲ್ಲ." ಅಳುತ್ತಿದ್ದ ನಾನೂ ಸ್ವಲ್ಪ ನಕ್ಕೆ. ಅವನು ಹೇಳಿದ್ದೂ ಅದಕ್ಕೇ.

"ನನ್ನ ಗಂಡನ ಕಡೆ ಯಾರಿಗೂ ಇಲ್ಲ. ನನ್ನ ಕೂಸಿಗೆ ಎಲ್ಲಿಂದ ಬಂತು?" ಎಂದೆ.

ಮಾವ ತಡೆದು ಹೇಳಿದ. ಇದು ತಾಯಿಯ ಕಡೆಯಿಂದ ಇಳಿಯುತ್ತದೆ. ಹೆಂಗಸರು ಹೊತ್ತುಕೊಂಡು ತಿರುಗುತ್ತಾರೆ, ಅವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ. ಅವನು ನನ್ನನ್ನು ಮದುವೆಯಾಗಿದ್ದರೆ ಇಬ್ಬರ ಕಡೆಯಿಂದಲೂ ಬಂದು, ಹುಟ್ಟುವ ಹೆಣ್ಣುಮಕ್ಕಳಿಗೂ ಈ ಮೊಣಕಾಲು ಬರಬಹುದಿತ್ತು. ಡಾಕ್ಟರರು ಅವನಿಗೆ ಮೊದಲೇ ಹೇಳಿದ್ದರು. ಅವನು ಅವ್ವನಿಗೆ ಹೇಳಿದ್ದ.

"ಮತ್ತ ಅವತ್ತು ಕಪ್ಪದಾಳ ಅಂದ್ಯಲ್ಲ?"

"ಎಲ್ಲಾರ ಮುಂದ ಇದನ್ನ ಹೇಳಿದ್ರ ನಿನ್ನ ಯಾರು ಮಾಡ್ಕೊಂತಿದ್ರು? ನನಗ ಬೈದು ಹೋದ್ರು, ಹೋಗ್ಲಿ ಬಿಡು. ಆದ್ರ ನಿನಗ, ನಿನ್ನ ಗಂಡನ ಮನಿಯವರಿಗೆ ಹೇಳು ಅಂತ ಅಕ್ಕಗ ಭಾಳ ಹೇಳಿದ್ದೆ." ಪಕ್ಕದಲ್ಲಿ ನನ್ನ ಮಗಳು ಬಿಸ್ಕೀಟು ತಿನ್ನುತ್ತ ಅವನ ಗಡ್ಡ ಎಳೆಯುತ್ತಿದ್ದಳು. "ಈಕಿಗೂ ಇರಬಹುದು, ಇರ್ಲಿಕ್ಕಿಲ್ಲ. ದೊಡ್ಡಾಕಿ ಆದಮ್ಯಾಲೆ ನೀನೇ ಹೇಳಬೇಕು. ನಿಮ್ಮವ್ವ ಮಾಡಿದಂಗ ಮಾಡಬ್ಯಾಡ."

ಹೇಳುತ್ತೇನೆ ಎಂದೆ. ಅವ್ವನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. "ಮುಚ್ಚಿಟ್ಟು ನನ್ನ ಹಾಳು ಮಾಡ್ದಿ" ಎಂದು ಅವಳ ಊಟದ ತಟ್ಟೆಯ ಮುಂದೆ ನಿಂತು ಅಂದೆ. "ಹೆಣ್ಣಿನ ವಿಷಯ ಹೊರಗ ಹೋದ್ರ ಯಾರ್ ಕೈ ಹಿಡೀತಾರ ಅಂತ ಅಂಜಿದೆ" ಎಂದಳು. ಆ ಉತ್ತರಕ್ಕೆ ನಾನು ಉಗುಳಿಬಿಟ್ಟೆ.

ನನ್ನ ಮಗನಿಗೆ ಫ್ಯಾಕ್ಟರ್ ಎಂಟರ ಚುಚ್ಚುಮದ್ದು ಸಿಕ್ಕಿತು. ಮಾವ ಸಣ್ಣವನಿದ್ದಾಗ ಅದು ಇಲ್ಲಿಯ ತನಕ ಬಂದಿರಲೇ ಇಲ್ಲ. ಐಸು ಇಡುವುದು, ಮಲಗುವುದು, ದೇವರಿಗೆ ಹರಕೆ ಹೊರುವುದು ಇಷ್ಟೇ. ಒಮ್ಮೆ ಎಲ್ಲರೂ ಹಂಪಿಗೆ ಹೋದಾಗ ಮಗ ಹೇಮಕೂಟದ ಬಂಡೆ ಹತ್ತಿ ಮೇಲಿನಿಂದ ಕೈ ಬೀಸಿದ. ಮಾವ ಕೆಳಗೆ ಎಳನೀರಿನವನ ಸ್ಟೂಲಿನ ಮೇಲೆ ಕೂತು ಅವನ ಕಾಲನ್ನಷ್ಟೇ ನೋಡುತ್ತಿದ್ದ. "ನೋಡವಾ, ಹೆಂಗ ನೆಟ್ಟಗ ಏರಕ್ಕತ್ತೈತಿ" ಎಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಲವಲೇಶವೂ ಇರಲಿಲ್ಲ. ನಾನಾಗಿದ್ದರೆ ಇರುತ್ತಿತ್ತು.

ಮಗಳಿಗೆ ಮಾತ್ರ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಲಿ ಎಂದೆ, ಆಮೇಲೆ ಪಿಯುಸಿ ಎಂದೆ, ಆಮೇಲೆ ಡಿಗ್ರಿ. ತಮ್ಮನಿಗೆ ಏನಾಗಿದೆಯೆಂದು ಅವಳಿಗೆ ಗೊತ್ತು. ಅದು ತನ್ನ ಮೈಯಲ್ಲೂ ಇರಬಹುದು ಎನ್ನುವುದು ಗೊತ್ತಿಲ್ಲವೆಂದು ನಾನು ನಂಬಿಕೊಂಡಿದ್ದೆ. ನಾದಿನಿಯರ ಬಾಯಿಗೆ ಅಂಜಿದೆ. ಗಂಡಿನವರು ಬೆನ್ನು ತಿರುಗಿಸಿ ಹೋಗುತ್ತಾರೆಂದು ಅಂಜಿದೆ. ಕ್ಲಾಸಿನಲ್ಲಿ ಊರ ಮಕ್ಕಳಿಗೆಲ್ಲ ಬುದ್ಧಿ ಹೇಳುವ ಈ ಬಾಯಿ ಮನೆಯಲ್ಲಿ ಅವ್ವನ ಬಾಯಿಯೇ ಆಗಿತ್ತು.

ಮಾವ ಸಿಕ್ಕಾಗೆಲ್ಲ ಕೇಳುತ್ತಿದ್ದ. "ಹುಡುಗಿಗೆ ಹೇಳಿದೇನು?" ನಾನು ಇನ್ನೊಂದು ಕಾರಣ ಹೇಳುತ್ತಿದ್ದೆ. ಕೊನೆಯ ಸಲ ಅವನ ಅಂಗಡಿಯಲ್ಲೇ ಕೂತು ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದೆವು. ಕೇಳಿದ.

"ಹೇಳೀನಿ ಮಾವ."

"ಏನಂದ್ಲು?"

"ಏನಂತಾಳ. ಸರಿ ಅಂದ್ಲು."

ಮಾವ ನನ್ನ ಮುಖ ನೋಡಿದ. ಆಮೇಲೆ, "ಚಲೋ ಆತು ಬಿಡು" ಎಂದು ತನ್ನ ಎಲೆಯಲ್ಲಿದ್ದ ಮಿರ್ಚಿಯನ್ನು ನನಗೆ ಹಾಕಿದ. ನಾನು ತಪ್ಪಿಸಿಕೊಂಡೆನೆಂದು ಹಗುರಾದೆ.

ಆ ಚಳಿಗಾಲದಲ್ಲಿ ಅವನು ಬಚ್ಚಲಲ್ಲಿ ಜಾರಿದ. ತಲೆಯ ಮೇಲೆ ಗಾಯವಿರಲಿಲ್ಲ, ಹಾಗಾಗಿ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಕೂತಿದ್ದಾನೆ. ಮಧ್ಯಾಹ್ನ ವಾಂತಿ ಶುರುವಾಯಿತು. ಬಳ್ಳಾರಿಗೆ ಒಯ್ದು ಫ್ಯಾಕ್ಟರ್ ಹಾಕಿಸುವ ಹೊತ್ತಿಗೆ ತಲೆಯೊಳಗೆ ರಕ್ತ ತುಂಬಿಬಿಟ್ಟಿತ್ತು. ಉಳಿಯಲಿಲ್ಲ. ನನ್ನ ಮಗ ಚಟ್ಟಕ್ಕೆ ಹೆಗಲು ಕೊಟ್ಟ.

ಈ ವರ್ಷ ಮಗಳಿಗೆ ಸಂಡೂರಿನಿಂದ ಸಂಬಂಧ ಬಂತು. ಗಂಡಿನವರು ನೋಡಲು ಬರುವ ಹಿಂದಿನ ದಿನ, ಅಡುಗೆಮನೆಯಲ್ಲಿ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದವಳ ಪಕ್ಕ ಕೂತೆ. ಅಳುತ್ತ, ತೊದಲುತ್ತ, ಅಜ್ಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಮ್ಮ" ಎಂದಳು. "ಡಿಗ್ರಿ ಸೇರಿದಾಗ್ಲೇ ಕಂಪ್ಲಿ ತಾತ ಹೇಳಿದ್ದ. ಅವನ ಜೊತಿಗೇ ಬಳ್ಳಾರಿಗೆ ಹೋಗಿ ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ನನಗೂ ಐತಿ."

"ನನಗ್ಯಾಕ ಹೇಳ್ಲಿಲ್ಲ?" ಎಂದು ಕೇಳುವ ಮುಖ ನನಗೆಲ್ಲಿತ್ತು, ಆದರೂ ಕೇಳಿದೆ.

"ತಾತ ಬ್ಯಾಡಂದ. 'ನಿಮ್ಮವ್ವ ತಾನೇ ಹೇಳ್ತಾಳ, ಅಲ್ಲೀ ತನ ಗೊತ್ತಿಲ್ಲದಂಗ ಇರು. ಆಕಿ ಹೇಳಿದ್ರ ಆಕಿಗೇ ಹಗುರ ಆಗತೈತಿ' ಅಂದ. ಸಿಕ್ಕಾಗೆಲ್ಲ 'ನಿಮ್ಮವ್ವ ಹೇಳಿದ್ಲೇನು' ಅಂತ ಕೇಳ್ತಿದ್ದ. ಇನ್ನೂ ಇಲ್ಲ ಅಂತಿದ್ದೆ." ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿ ಎದ್ದಳು. "ನಾಳೆ ಅವರಿಗೆ ನಾನೇ ಹೇಳ್ತೀನಿ. ನೀ ಪಕ್ಕದಾಗ ಕುಂದ್ರು, ಸಾಕು."

ಅಂದರೆ ಅಂಗಡಿಯಲ್ಲಿ ನಾನು "ಹೇಳೀನಿ" ಎಂದ ದಿನ ಅದು ಸುಳ್ಳೆಂದು ಮಾವನಿಗೆ ಗೊತ್ತಿತ್ತು. ಗೊತ್ತಿದ್ದೇ "ಚಲೋ ಆತು ಬಿಡು" ಎಂದ. ಅವತ್ತು ಎರಡು ಮಾತು ಬೈದಿದ್ದರೆ ನಾನೂ ಎದುರು ಮಾತಾಡಿ, ಜಗಳವಾಡಿ, ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಮಾವ ಬೈಯಲಿಲ್ಲ.