ಒಂದು ಒತ್ತಿನ ತಪ್ಪು

ಬೆಳಕು ಹರಿಯುವ ಮುನ್ನವೇ ಆಯಮ್ಮ ವಾರ್ಡಿನಲ್ಲಿದ್ದಾರೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಅರ್ಧ ಹಾಸಿಗೆಯ ಬಟ್ಟೆ ಬದಲಿಸುತ್ತಾರೆ, ಮತ್ತೆ ಈಚೆಗೆ ಹೊರಳಿಸಿ ಉಳಿದರ್ಧ ಎಳೆಯುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ತುಟಿ ಇನ್ನೇನೋ ಗುನುಗುತ್ತಿದೆ: "ಸೇತೆ... ಸೆತ್ತೆ... ಸೇತೆ." ಜಪವೇನೂ ಅಲ್ಲ, ಇಟಾಲಿಯನ್ ಪಾಠ!

ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ ಆಯಮ್ಮ ಇಲ್ಲೇ ತಲೆ ನರೆಸಿಕೊಂಡವರು. ಬೆಡ್‌ಪ್ಯಾನ್ ಎತ್ತುವ ಕೈಯೆಂದು ಮೂಗು ಮುರಿಯುವವರೂ ಹಾಸಿಗೆ ಹಿಡಿದಾಗ ಮೊದಲು ಕೂಗುವುದು ಇವರನ್ನೇ. ಹೋದ ವರ್ಷ ಕಿಟಕಿ ಪಕ್ಕದ ಮಂಚಕ್ಕೆ ಇಟಾಲಿಯನ್ ಬಿಟ್ಟು ಬೇರೆ ಮಾತೇ ಬಾರದ ಮುದುಕರೊಬ್ಬರು ಬಂದರು. ಕನ್ನಡವೂ ಬಲ್ಲ ಅವರ ಮಗಳು ದಿನಾ ಸಂಜೆ ಏಳಕ್ಕೆ ಬರುತ್ತಿದ್ದಳು. ಅವಳಿಂದ ಆಯಮ್ಮ ಹತ್ತರವರೆಗೆ ಎಣಿಸುವುದನ್ನು ಕಲಿತರು. ಏಳು ಅಂದರೆ ಸೆತ್ತೆ. "ಒತ್ತಕ್ಷರ ನಮಗೇನು ಕಷ್ಟ? ಅಪ್ಪ, ಅಮ್ಮ, ಅಕ್ಕ, ಅಣ್ಣ, ಮನೆ ತುಂಬಾ ಒತ್ತೇ ಅಲ್ವಾ?" ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಂದು ಮಧ್ಯಾಹ್ನ ಮುದುಕರು ಸೋತ ದನಿಯಲ್ಲಿ ಅದೇ ಪದ ಹೇಳತೊಡಗಿದರಂತೆ. ಮಗಳ ದಾರಿ ಕಾಯುತ್ತಿದ್ದಾರೆ ಅಂದುಕೊಂಡ ಆಯಮ್ಮ ಗಡಿಯಾರ ತೋರಿಸಿ, "ಹೂಂ ತಾತ, ಸೆತ್ತೆ, ಸೆತ್ತೆ" ಎಂದು ಸಮಾಧಾನ ಮಾಡಿದರು. ಅವರು ಅಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿದರು. ಇವರು ಮತ್ತೆ ಗಡಿಯಾರ ತೋರಿಸಿದರು. ಸಂಜೆ ಬಂದ ಮಗಳು ಬಾಗಿ ಕೇಳಿದವಳೇ ನೀರಿನ ಲೋಟಕ್ಕೆ ಕೈ ಹಾಕಿದಳು. ಒತ್ತಿಲ್ಲದ ಸೇತೆ ಎಂದರೆ ಬಾಯಾರಿಕೆ.

"ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಅದು ನಾನೇ. ಆ ಭಾಷೆ ಒಂದಕ್ಷರಾನೂ ಬರದೇ ಇದ್ದಿದ್ರೆ ಅವರ ತುಟಿ ನೋಡ್ತಿದ್ದೆ. ಬರುತ್ತೆ ಅನ್ನೋ ಜಂಬಕ್ಕೆ ಗಡಿಯಾರ ನೋಡ್ದೆ."

ಅದೇ ವಾರ ಮುದುಕರು ಹೋಗಿಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಡಾಕ್ಟರೂ ಹೇಳಿದರು, ಮಗಳೂ ಹೇಳಿದಳು. ಆಯಮ್ಮನಿಗೆ ಆ ಮಾತು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಮಗಳು ಕೊನೆಯ ಸಲ ಬಂದಾಗ ಇವರೇ ಕೇಳಿಕೊಂಡು ಎರಡೂ ಪದಗಳನ್ನು ಅವಳ ದನಿಯಲ್ಲಿ ಫೋನಿಗೆ ಹಾಕಿಸಿಕೊಂಡಿದ್ದಾರೆ. ಒಂದರಲ್ಲಿ 'ಸೇ' ಎಳೆಯಬೇಕು, ಇನ್ನೊಂದರಲ್ಲಿ ನಾಲಿಗೆ ಹಲ್ಲಿಗೆ ತಾಗಿ ಒಂದು ಗಳಿಗೆ ನಿಲ್ಲಬೇಕು. "ಹೇಳೋಕೆ ಈಗ ಚೆನ್ನಾಗಿ ಬರುತ್ತೆ. ಕೇಳೋ ತಾತನೇ ಇಲ್ಲ" ಎನ್ನುತ್ತಾರೆ.

ಇನ್ನೊಬ್ಬ ಇಟಾಲಿಯನ್ ರೋಗಿ ಬಂದರೆ? ಆಯಮ್ಮ ದಿಂಬಿನ ಹೊದಿಕೆಯ ಸುಕ್ಕು ತೀಡುತ್ತಾ ಹೇಳುತ್ತಾರೆ: "ಯಾರೂ ಹಾಸಿಗೆ ಹಿಡಿಯೋದು ಬೇಡಪ್ಪ. ಹಿಡಿದ್ರೆ ಮಾತ್ರ, ಆ ಮಾತು ಬಾಯಿಗೆ ಬರೋಕೆ ಮುಂಚೆ ಲೋಟ ನನ್ನ ಕೈಲಿರಬೇಕು."